ಬೀಗರ ಮನಿ ಗಾದಿ

ಕಣ್ಣು ಬಿಟ್ಟ ಕೂಡಲೇ ಪಂಪಾಪತಿ ಮಾಸ್ತರರಿಗೆ ತಾವು ಗಂಗಾವತಿಯ ಬೀಗರ ಮನೆಯಲ್ಲಿದ್ದೇವೆ ಎಂಬುದು ನೆನಪಾಯಿತು. ಆಮೇಲೆ ಮೊಣಕಾಲು ನೆನಪಾಯಿತು. ಆಮೇಲೆ, ಅಯ್ಯೋ ಶಿವನೇ, ಮೊಣಕಾಲಿಗೆ ಸುತ್ತಿಕೊಂಡು ಮಲಗಿದ್ದ ಪಟ್ಟಿ. ತಡವಿ ನೋಡಿದರೆ ಮೊಣಕಾಲು ಬೋಳು. ಅರಿಶಿಣ, ಔಡಲೆಣ್ಣೆ ಕಲಸಿ ಹಳೆಯ ಧೋತರದ ತುಂಡಿನಲ್ಲಿಟ್ಟು ಕಟ್ಟಿದ ಆ ಪಟ್ಟಿ ಕಾಲ ಬುಡದಲ್ಲಿ ಮುದ್ದೆಯಾಗಿ, ಹೊಟ್ಟೆಯೊಳಗಿನದನ್ನೆಲ್ಲ ಹೊರಗೆ ಕಕ್ಕಿ, ತನಗೇನೂ ಗೊತ್ತಿಲ್ಲ ಎಂಬಂತೆ ಬಿದ್ದುಕೊಂಡಿತ್ತು. ಚಾದರ ಮಾತ್ರ ಬಲು ಜಾಣ, ರಾತ್ರಿಯೇ ಗೋಡೆಯ ಕಡೆ ಸರಿದು ತನ್ನ ಮಾನ ತಾನು ಉಳಿಸಿಕೊಂಡಿತ್ತು. ಸಿಕ್ಕಿಬಿದ್ದದ್ದು ಗಾದಿ. ಹಾಲಿನಂಥ ಬಿಳಿ ಬಟ್ಟೆಯ ಹತ್ತಿ ಗಾದಿಯ ನಟ್ಟನಡುವೆ ಒಂದು ಜೋಳದ ರೊಟ್ಟಿಯಷ್ಟು ಅಗಲದ ಹಳದಿ ಕಲೆ. ಮಾಸ್ತರರು ಮೊದಲು ಬಾಗಿಲ ಚಿಲಕ ನೋಡಿದರು, ಆಮೇಲೆ ಕಲೆ ನೋಡಿದರು, ಮತ್ತೆ ಚಿಲಕ ನೋಡಿದರು. ಚಿಲಕ ಹಾಕಿತ್ತು. ಕಲೆಯೂ ಇತ್ತು.

ಬೇರೆ ಯಾವ ಗಾದಿಯಾಗಿದ್ದರೂ ಇಷ್ಟು ಎದೆ ಹೊಡೆದುಕೊಳ್ಳುತ್ತಿರಲಿಲ್ಲವೋ ಏನೋ. ಇದು ಅವರೇ ಕೊಟ್ಟ ಗಾದಿ. ಮಗಳು ಶಾಂಭವಿಯ ಮದುವೆಗೆ ಮಂಚ, ತಿಜೋರಿ, ಹಂಡೆ, ಕೊಡಗಳ ಜೊತೆ ಕೊಟ್ಟಿದ್ದು. "ನಿಮ್ಮ ಗಾದೀನ ರೀ ಇದು. ನಾವು ಯಾರೂ ಮೈ ಹಚ್ಚಿಲ್ಲ ನೋಡ್ರಿ. ಬೀಗರು ಬಂದಾಗ ಅವರಿಗೇ ಹಾಸಬೇಕಂತ ಎತ್ತಿಟ್ಟಿದ್ದೆ," ಎಂದು ನಿನ್ನೆ ಸಂಜೆ ಬೀಗತಿ ಅನ್ನಮ್ಮ ಅದರ ಮೇಲೆ ಅಂಗೈ ಆಡಿಸಿ, ಒಂದು ಸುಕ್ಕನ್ನೂ ಬಿಡದೆ ಬಿಡಿಸಿ ಹೇಳಿದ್ದಳು. ಆ ಮಾತಿನಲ್ಲಿ ಮರ್ಯಾದೆ ಎಷ್ಟಿತ್ತು, ಚುಚ್ಚು ಎಷ್ಟಿತ್ತು ಎಂದು ಮಾಸ್ತರರು ಮಲಗಿದ ಮೇಲೂ ತೂಗಿ ನೋಡಿದ್ದರು, ತೂಕ ಸಿಕ್ಕಿರಲಿಲ್ಲ. ಅನ್ನಮ್ಮನ ಮಾತೇ ಹಾಗೆ. ನಗುತ್ತಾ ಹೇಳುತ್ತಾಳೆ, ಆದರೆ ನಗು ಮುಗಿದ ಮೇಲೂ ಮಾತು ಉಳಿದಿರುತ್ತದೆ.

ಬಂದ ಕೆಲಸವಾದರೂ ಎಂಥದ್ದು! ಶಾಂಭವಿಗೆ ದಿನ ತುಂಬುತ್ತಾ ಬಂದಿವೆ. ಕುಬಸದ, ಅಂದರೆ ಸೀಮಂತದ, ದಿನ ಗೊತ್ತು ಮಾಡಿ, ಆವತ್ತೇ ಮಗಳನ್ನು ಚೊಚ್ಚಲ ಹೆರಿಗೆಗೆ ಕುಷ್ಟಗಿಗೆ ಕರೆದುಕೊಂಡು ಹೋಗುವುದಕ್ಕೆ ಬೀಗರ ಒಪ್ಪಿಗೆ ಕೇಳಲು ಬಂದವರು ಅವರು. ಕೇಳಿದ್ದೂ ಆಯಿತು. ಅನ್ನಮ್ಮ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಾ, "ಕಳಸೂದಕ್ಕೇನ್ರಿ, ತವರು ಮನಿ. ಆದ್ರ ಮನ್ಯಾಗ ಹೆಣಮಕ್ಕಳು ಯಾರದಾರ? ಬಾಣಂತನ ಅಂದ್ರ ನಿಮ್ಮ ಸಾಲಿ ಪ್ರಾಕ್ಟಿಕಲ್ ಅಲ್ಲರೀ ಮಾಸ್ತರ," ಎಂದಳು. ಹೆಂಡತಿ ಕಳಕಮ್ಮ ತೀರಿಕೊಂಡ ಮೇಲೆ ಎಲ್ಲರೂ ಈ ಮಾತಿನ ಅಂಚಿಗೆ ಬಂದು ಹಿಂದೆ ಸರಿಯುತ್ತಿದ್ದರು. ಈಕೆ ಒಳಗೇ ಕಾಲಿಟ್ಟಳು. ಮಾಸ್ತರರಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ, "ಕೂಸಿಗೆ ನೀರು ಎರಿಯಾಕ ನಮ್ಮ ಓಣಿ ಮುದುಕವ್ವಗ ಹೇಳೀನ್ರಿ. ಉಳಿದದ್ದು ಎಲ್ಲಾ ನಾನ ಮಾಡ್ತೀನಿ. ಅಡಗಿ, ಒಗ್ಯಾಣ, ಹಾಸಿಗಿ, ಎಲ್ಲಾ. ನಮ್ಮನ್ಯಾಗ ಒಂದು ಕಲಿ ಕಾಣಸೂದಿಲ್ಲ, ಬಂದು ನೋಡ್ರಿ," ಎಂದುಬಿಟ್ಟರು. ಒಂದು ಕಲೆ ಕಾಣಿಸುವುದಿಲ್ಲವಂತೆ! ಬೀಗ ದೇವೇಂದ್ರಪ್ಪ ಎಂದಿನಂತೆ ತಲೆಯೆತ್ತದೆ ಮಜ್ಜಿಗೆ ಸುರಿದುಕೊಂಡ. "ನಾಳೆ ಉಂಡು ಹೇಳತೀವಿ ಬಿಡ್ರಿ," ಎಂದಳು ಅನ್ನಮ್ಮ. ಕೈ ತೊಳೆಯುವಾಗ ಶಾಂಭವಿ ಅಪ್ಪನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಅಪ್ಪಾ, ನಾ ನಮ್ಮನಿಗೇ ಬರ್ತೀನಿ. ಅವ್ವನ ಖೋಲಿ ಒಳಗ ಇರ್ತೀನಿ," ಅಂದಿದ್ದಳು. ಆ ನಾಳೆ ಎಂಬುದು ಈಗ ಬೆಳಕು ಹರಿದು ಕಿಟಕಿಯಲ್ಲಿ ಬಂದು ನಿಂತಿತ್ತು, ಮತ್ತು ಅದರ ಬೆಳಕಿನಲ್ಲಿ ಕಲೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಅರಿಶಿಣದ ಕಲೆಗೆ ಏನು ಮಾಡಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಕುಷ್ಟಗಿಯ ಹೈಸ್ಕೂಲಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ವಿಜ್ಞಾನ ಕಲಿಸಿದವರು. ಅರಿಶಿಣದ ಬಣ್ಣಕ್ಕೆ ಬಿಸಿಲೇ ವೈರಿ, ಬಿಸಿಲಿಗೆ ಹಾಕಿದರೆ ತಾನೇ ಸೋತು ಬಿಳಿಚಿಕೊಳ್ಳುತ್ತದೆ. ಕಳಕಮ್ಮನೂ ಅಷ್ಟೇ ಮಾಡುತ್ತಿದ್ದಳು, ಅರಿಶಿಣ ಹತ್ತಿದ ಸೀರೆಯನ್ನು ತಿಕ್ಕದೆ, ಬಡಿಯದೆ, ಮಾಳಿಗೆಯ ಮೇಲೆ ಹರವಿ ಬಂದು ಮರೆತುಬಿಡುತ್ತಿದ್ದಳು. ಆದರೆ ಬಿಸಿಲು ಇರುವುದು ಮಾಳಿಗೆಯ ಮೇಲೆ. ಮಾಳಿಗೆಗೆ ಹೋಗಬೇಕಾದರೆ ನಡುಮನೆ ದಾಟಬೇಕು, ನಡುಮನೆಯಲ್ಲಿ ದೇವೇಂದ್ರಪ್ಪ ಪೇಪರು ಹಿಡಿದು ಕೂತಿದ್ದಾನೆ. ಅಡುಗೆಮನೆಯ ಬಾಗಿಲು ದಾಟಬೇಕು, ಅಲ್ಲಿ ಅನ್ನಮ್ಮ. ಮೇಲೆ ಹೋದರೆ ಪಕ್ಕದ ಮಾಳಿಗೆಯಲ್ಲಿ ಇಮಾಮಬೀ ಮೆಣಸಿನಕಾಯಿ ಹರವಿಕೊಂಡು ಕೂತಿರುತ್ತಾಳೆ, ಆಕೆಗೆ ಗೊತ್ತಾದರೆ ಓಣಿಗೆ ಡಂಗುರ ಹೊಡೆಸುವ ಖರ್ಚಿಲ್ಲ. ಬೀಗರ ಮನೆಗೆ ಬಂದು ಬೆಳಗ್ಗೆ ಎದ್ದವನೇ ಗಾದಿ ಒಣಹಾಕಿದ ಮುದುಕನ ಬಗ್ಗೆ ಜನ ಏನು ತಿಳಿಯುತ್ತಾರೆ? ಅರಿಶಿಣ ಎಂದು ಯಾರೂ ತಿಳಿಯುವುದಿಲ್ಲ. ಮಾಸ್ತರರಿಗೆ ಕಿವಿ ಬಿಸಿಯಾದವು.

ಹಾಗಾಗಿ, ಗೊತ್ತಿದ್ದದ್ದನ್ನು ಬಿಟ್ಟು ಗೊತ್ತಿಲ್ಲದವರನ್ನು ಕೇಳಿದರು. ಮೊಬೈಲಿನ ದನಿಯನ್ನು ಇರುವೆಯ ಮಟ್ಟಕ್ಕೆ ಇಳಿಸಿ, ಕಿವಿಗೆ ಒತ್ತಿ ಹಿಡಿದರು. ಲಿಪ್‌ಸ್ಟಿಕ್ ಹಚ್ಚಿದ ಒಬ್ಬ ಹುಡುಗಿ, "ಹಾಯ್ ಫ್ರೆಂಡ್ಸ್, ಹಾಸಿಗೆ ಮೇಲೆ ಕಲೆ ಆಗಿದ್ಯಾ? ಗಾಬರಿ ಬೇಡ!" ಎಂದಳು. ಮೂರನೆಯ ಮನುಷ್ಯರೊಬ್ಬರು ಗಾಬರಿ ಬೇಡ ಎಂದದ್ದೇ ಅವರ ಕಣ್ಣು ತೇವವಾಯಿತು, ಆ ಹುಡುಗಿಯ ಮೇಲೆ ಒಂದು ನಮೂನಿ ಅಕ್ಕರೆ ಹುಟ್ಟಿತು. ನೀರು ಸುರಿಯಬೇಡಿ, ಹತ್ತಿ ಗಂಟಾಗುತ್ತದೆ, ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ ಎಂದಳು. ಬ್ಲೀಚು ಮತ್ತು ಪಾಯಖಾನೆಯ ಆ್ಯಸಿಡ್ ಎರಡನ್ನೂ ಕೂಡಿಸಬೇಡಿ, ವಿಷದ ಹೊಗೆ ಬರುತ್ತದೆ ಎಂದಳು. ಮಾಸ್ತರರು ಅದಕ್ಕೆ ಗತ್ತಿನಿಂದ ತಲೆಯಾಡಿಸಿದರು. ಅದು ಕ್ಲೋರಿನ್, ಅದನ್ನು ಅವರು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿಲ್ಲ! ಕೋಣೆಗೇ ಹೊಂದಿಕೊಂಡಿದ್ದ ಬಚ್ಚಲಲ್ಲಿ ಎರಡೂ ಡಬ್ಬಿಗಳು ಅಕ್ಕಪಕ್ಕ ಕೂತಿದ್ದವು. ಕೈ ಒಂದು ಗಳಿಗೆ ಅತ್ತ ಹೋಯಿತು. ಸಾಯುವುದಾದರೆ ಸ್ವಂತ ಮನೆಯಲ್ಲಿ ಸಾಯಬೇಕು, ಬೀಗರ ಬಚ್ಚಲಲ್ಲಿ ಸತ್ತರೆ ಅದಕ್ಕೂ ಅನ್ನಮ್ಮ ಒಂದು ಮಾತು ಇಟ್ಟಿರುತ್ತಾಳೆ ಎಂದು ಹಿಂದೆ ತೆಗೆದರು. ಕೊನೆಗೆ ಹುಡುಗಿ, "ಒಂದ್ ಸ್ಪೂನ್ ಅಡುಗೆ ಸೋಡಾ, ಸ್ವಲ್ಪ ಸೋಪಿನ ಪುಡಿ. ಮ್ಯಾಜಿಕ್ ನೋಡಿ!" ಎಂದಳು. ಯಾವ ಕಲೆಗೆ ಎಂದು ಆಕೆ ಹೇಳಲಿಲ್ಲ, ಇವರು ಕೇಳಲಿಲ್ಲ.

ಸೋಪಿನ ಪುಡಿ ಬಚ್ಚಲಲ್ಲಿತ್ತು. ಸೋಡಾ ಅಡುಗೆಮನೆಯಲ್ಲಿ. ಮಾಸ್ತರರು ಚಾದರವನ್ನು ಕಲೆಯ ಮೇಲೆ ಎಳೆದು, ಅದರ ಮೇಲೆ ಇನ್ನೊಂದು ಹೊದಿಕೆ ಎಳೆದು, ಅದರ ಮೇಲೆ ತಮ್ಮ ಚೀಲ ಇಟ್ಟು, ಹೊರಗೆ ಬಂದರು. ಕುಂಟಬಾರದು ಎಂದು ಎದೆ ಸೆಟೆಸಿ ನಡೆದರು. ಅಡುಗೆಮನೆಯಲ್ಲಿ ಮಂಡಕ್ಕಿ ತೋಯಿಸಿ ಒಗ್ಗರಣೆಗೆ ಇಟ್ಟಿದ್ದರು, ಪಕ್ಕದ ಬಾಣಲೆಯಲ್ಲಿ ಮಿರ್ಚಿ ಚುಂಯ್ ಎನ್ನುತ್ತಿತ್ತು. ಒಗ್ಗರಣೆ ಮಿರ್ಚಿಯೆಂದರೆ ಮಾಸ್ತರರಿಗೆ ಪ್ರಾಣ. ಕಳಕಮ್ಮ ಹೋದ ಮೇಲೆ ಮನೆಯಲ್ಲಿ ಎಣ್ಣೆ ಕಾಯಿಸಿ ಕರಿಯುವ ಧೈರ್ಯ ಅವರು ಮಾಡಿರಲಿಲ್ಲ.

"ಏನ್ರೀ ಬೀಗರ, ಚಾ ಬೇಕಿತ್ತೇನು?" ಎಂದಳು ಅನ್ನಮ್ಮ.

"ಇಲ್ಲರೀ ಅಕ್ಕಾರ... ಚೂರು ತಿನ್ನೂ ಸೋಡಾ ಇದ್ರ... ಹೊಟ್ಟಿ ಒಂದೀಟು ಉಬ್ಬರಿಸಿದಂಗ ಆಗೇತಿ."

"ಅಯ್ಯ! ಮೊದಲ ಹೇಳಬಾರದೇನ್ರಿ!" ಅನ್ನಮ್ಮ ಸೋಡಾದ ಡಬ್ಬಿಯನ್ನೇ ಕೈಗೆ ಕೊಟ್ಟಳು. ಕೊಟ್ಟು, ಅದೇ ಉಸಿರಿನಲ್ಲಿ, "ಶಾಂಭವೀ, ನಿಮ್ಮಪ್ಪಗ ಮಿರ್ಚಿ ಹಚ್ಚಬ್ಯಾಡ. ಗಂಜಿ ಮಾಡು," ಎಂದಳು. ಮಾಸ್ತರರು ಬಾಣಲೆಯ ಕಡೆ ಒಂದು ಸಲ ನೋಡಿದರು. ಹೊಂಬಣ್ಣಕ್ಕೆ ತಿರುಗಿದ ಮಿರ್ಚಿಗಳು ಎಣ್ಣೆಯಲ್ಲಿ ಮಗ್ಗಲು ಬದಲಿಸುತ್ತಿದ್ದವು. ಆಡಿದ ಸುಳ್ಳು ಬಾಯಿಗೆ ಬಂದ ತುತ್ತನ್ನು ಕಸಿದಿತ್ತು. ಇಷ್ಟಕ್ಕೇ ಮುಗಿಯಿತು ಎಂದುಕೊಂಡರು ಪಾಪ.

ಚಿಲಕ ಹಾಕಿ, ಸೋಡಾ ಉದುರಿಸಿ, ಸೋಪಿನ ಪುಡಿ ಉದುರಿಸಿ, ಒದ್ದೆ ಟವೆಲಿನಿಂದ ಒತ್ತಿದರು. ಒತ್ತುತ್ತಾ ಒತ್ತುತ್ತಾ ಮನಸ್ಸು ಸ್ವಲ್ಪ ಸಮಾಧಾನವಾಗಿ, ಈ ಗಾದಿ ಮಾಡಿಸಿದ ದಿನ ನೆನಪಾಯಿತು. ಈಗ ಎಲ್ಲ ಕಡೆ ಮಷಿನ್ನು ಬಂದಿವೆ, ಸ್ಪಂಜು ಬಂದಿವೆ. ಆದರೆ ಕಳಕಮ್ಮ ಹಟ ಹಿಡಿದು ಪಿಂಜಾರ ಅಬ್ದುಲರೌಫನನ್ನೇ ಹುಡುಕಿಸಿ ಕರೆಸಿದ್ದಳು. ಅಂಗಳದಲ್ಲಿ ಆತ ಬಿಲ್ಲು ಮಿಡಿಯುತ್ತಿದ್ದರೆ ಟುಂಯ್ ಟುಂಯ್ ಎಂದು ಹತ್ತಿ ಹಾರುತ್ತಿತ್ತು. ಕಳಕಮ್ಮ ಕಟ್ಟೆಯ ಮೇಲೆ ಕೂತು, ಮೂಗಿನ ಮೇಲೆ ಹತ್ತಿಯ ಎಳೆ ಅಂಟಿಸಿಕೊಂಡು, ಆ ತಾಳಕ್ಕೆ ಏನೋ ಗುನುಗುತ್ತಿದ್ದಳು. "ಏನದು?" ಎಂದು ಕೇಳಿದರೆ, "ಬೀಗ್ತಿ ಮ್ಯಾಲೆ ಕಟ್ಟಾಕತ್ತೀನ್ರಿ. ಮದುವಿ ಊಟದಾಗ ಅಕಿ ಒಂದು ಹಾಡಿದ್ರ ನಾ ಹತ್ತು ಹಾಡಬೇಕಲ್ಲ. ಕೇಳ್ರಿಲ್ಲೆ, 'ಗಂಗಾವತಿ ಬೀಗ್ತಿ ಅಕ್ಕಿಯಂಗ ಬೆಳ್ಳಗ...' ಹ್ಯಾಂಗೈತಿ?" ಎಂದು ಕಣ್ಣು ಮಿಟುಕಿಸಿದ್ದಳು. "ಸಾಕು, ಪಿಂಜಾರ ಕೇಳಿಸ್ಕೋತಾನ," ಎಂದಿದ್ದರು ಮಾಸ್ತರರು. ಅಬ್ದುಲರೌಫ ಬಿಲ್ಲು ನಿಲ್ಲಿಸಿ, "ಹಾಡ್ಲಿ ಬಿಡ್ರಿ ಸರ, ಗಾದಿ ಮೆತ್ತಗಾಗತೈತಿ," ಎಂದಿದ್ದ. ಮದುವೆ ಬಂತು. ಕಳಕಮ್ಮ ಇರಲಿಲ್ಲ. ಪಂಗತಿ ಕೂತಾಗ ಅನ್ನಮ್ಮ ಸೆರಗು ಸಿಕ್ಕಿಸಿ, ಹೆಂಗಸರನ್ನು ಹಿಂದಿಟ್ಟುಕೊಂಡು, ಮೈಕು ಹಿಡಿದು ಬೀಗರ ಹಾಡಿಗೆ ಗಂಟಲು ಸರಿಮಾಡಿಕೊಂಡಳು. ಮಾಸ್ತರರು ಎದ್ದು ಹೋಗಿ ಮೈಕಿನ ವಾಯರು ಕಿತ್ತರು. "ಇಂಥಾ ಬೈಗಳದ ಹಾಡು ಕಲತವರ ಮದುವಿಗೆ ಶೋಭಾ ಅಲ್ಲ," ಎಂದರು. ಅದು ಅಲ್ಲ ಕಾರಣ ಎಂಬುದು ಅವರಿಗೆ ಒಬ್ಬರಿಗೇ ಗೊತ್ತು. ಆ ಕಡೆಯಿಂದ ಹಾಡು ಬಂದರೆ ಈ ಕಡೆಯಿಂದ ಉತ್ತರ ಕೊಡುವವಳಿರಲಿಲ್ಲ. ಆ ಸುಮ್ಮನಿರುವ ಗಳಿಗೆಯನ್ನು ಅವರು ತಾಳುತ್ತಿರಲಿಲ್ಲ. ಒಬ್ಬನೇ ಮಗನ ಮದುವೆಯಲ್ಲಿ ಹಾಡದೆ ಉಳಿದ ಅನ್ನಮ್ಮ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದಳು, ಹೋಳಿಗೆ ಮುಟ್ಟಿರಲಿಲ್ಲ.

ಹೋಳಿಗೆಯ ತನಕ ಬಂದ ನೆನಪು ಅಲ್ಲೇ ನಿಂತಿತು. ಮಾಸ್ತರರು ಟವೆಲು ಎತ್ತಿ ನೋಡಿದರು. ಕಲೆ ಕೆಂಪಾಗಿತ್ತು.

ಸಣ್ಣ ಕೆಂಪಲ್ಲ, ಕುರಿ ಕೊಯ್ದ ಕೆಂಪು. ರೊಟ್ಟಿಯಷ್ಟಿದ್ದದ್ದು ಈಗ ಬುಟ್ಟಿಯಷ್ಟಾಗಿತ್ತು. ಟವೆಲು ಕೆಂಪು, ಬೆರಳ ಸಂದಿ ಕೆಂಪು, ಉಗುರು ಕೆಂಪು. "ಅರಿಶಿಣಕ್ಕೆ ಸೋಪಿನ ನೀರು ಹಾಕಿದಾಗ ಯಾವ ಬಣ್ಣ ಬರುತ್ತದೆ?" ಎಂದು ತಮ್ಮದೇ ದನಿ ತಲೆಯೊಳಗೆ ಕೇಳಿತು, ಅದಕ್ಕೆ ನೂರಾರು ಮಕ್ಕಳು ಒಂದೇ ಸಲಕ್ಕೆ "ಕೆಂಪು ಸಾಆಆರ್" ಎಂದು ಕೂಗಿದರು. ಪ್ರತಿ ವರ್ಷ ಅರಿಶಿಣದ ಕಾಗದ ಮಾಡಿಸಿ, ಸೋಪು ಸವರಿಸಿ, ನಿಂಬೆ ಸವರಿಸಿ, ಕ್ಷಾರ, ಆಮ್ಲ ಎಂದು ಬಾಯಿಪಾಠ ಮಾಡಿಸಿದ ಮನುಷ್ಯ! ಹಿಂದಿನ ಬೆಂಚಿನ ದಡ್ಡನಿಗೂ ಬರುತ್ತಿದ್ದ ಉತ್ತರ, ಪಾಠ ಹೇಳಿದವನಿಗೆ ಬೇಕಾದಾಗ ಬರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿ ಕೂತಿದ್ದರು. ಅವರಿಗೆ ಒಂದು ಕ್ಷಣ ಅಳು ಬಂತು, ಮರುಕ್ಷಣ ನಗು ಬಂತು, ಎರಡನ್ನೂ ಟವೆಲಿನಲ್ಲಿ ಒರೆಸಿಕೊಳ್ಳಲು ಹೋಗಿ, ಟವೆಲು ಕೆಂಪಿದೆ ಎಂದು ನೆನಪಾಗಿ ಬಿಟ್ಟರು.

ನಿಂಬೆ. ಹುಳಿ ಬಿದ್ದರೆ ಕೆಂಪು ಮತ್ತೆ ಹಳದಿಯಾಗುತ್ತದೆ. ಹಳದಿ ಕಲೆ ಈಗ ಅವರಿಗೆ ಕಳೆದುಹೋದ ಸುಖದಂತೆ ಕಂಡಿತು. ಬೆಳಗ್ಗೆ ಎಷ್ಟು ಚೆಂದಿತ್ತು! ಕೈಯನ್ನು ಧೋತರದ ಮಡಿಕೆಯಲ್ಲಿ ಅಡಗಿಸಿಕೊಂಡು ಮತ್ತೆ ಅಡುಗೆಮನೆಯ ಬಾಗಿಲಿಗೆ ಹೋಗಿ, "ಒಂದು ಲಿಂಬಿಹಣ್ಣು ಇದ್ರ..." ಎಂದರು.

"ವಾಂತಿ ಬಂದಂಗ ಆಗತೈತೇನ್ರಿ?"

"ಹ್ಞಾ... ಹಂಗ... ಚೂರು ಪಿತ್ತ."

"ಕುಂದರ್ರಿ, ಎಲ್ಲೂ ಹೋಗಬ್ಯಾಡ್ರಿ." ಅನ್ನಮ್ಮ ನಿಂಬೆಹಣ್ಣು ಕೈಗೆ ಕೊಡಲಿಲ್ಲ. ತಾನೇ ಹಿಂಡಿದಳು, ನೀರು ಬೆರೆಸಿದಳು, ಮಾಸ್ತರರು ಬೇಡ ಬೇಡ ಎನ್ನುವುದರೊಳಗೆ ಸಕ್ಕರೆ ಸುರಿದಳು, ಉಪ್ಪು ಚಿಟಿಕೆ ಹಾಕಿದಳು, ಲೋಟ ತುಂಬ ಶರಬತ್ತು ಮಾಡಿ ಮುಂದೆ ಹಿಡಿದಳು. "ನನ್ನ ಎದುರಿಗೇ ಕುಡೀರಿ." ನಡುಮನೆಯಿಂದ ದೇವೇಂದ್ರಪ್ಪ ಮೊಟ್ಟಮೊದಲ ಬಾರಿಗೆ ಬಾಯಿ ಬಿಟ್ಟು, "ಡಾಕ್ಟರಿಗೆ ಫೋನ್ ಹಚ್ಚಲೇನು?" ಎಂದ. ಬೇಡ ಎಂದು ಮಾಸ್ತರರು ತಲೆ ಅಲ್ಲಾಡಿಸಿದರು. ಬೆಳಗಾದಾಗ ಕಲೆ ಮಾಡಿದ ಮನುಷ್ಯರಾಗಿದ್ದರು. ಈಗ ರೋಗಿಯೂ ಆದರು. ಒಂದೊಂದು ಸುಳ್ಳಿಗೂ ಶಾಂಭವಿ ಕುಷ್ಟಗಿಯಿಂದ ಒಂದೊಂದು ಹರದಾರಿ ದೂರ ಹೋಗುತ್ತಿದ್ದಾಳೆ ಎಂದು ಅವರಿಗೆ ಹೊಳೆಯಿತು. ಹೊಟ್ಟೆ ಉಬ್ಬರದ, ಪಿತ್ತದ, ಒಂಟಿ ಮುದುಕನ ಮನೆಗೆ ತುಂಬಿದ ಬಸುರಿಯನ್ನು ಯಾರು ಕಳಿಸುತ್ತಾರೆ? ಎರಡು ಗುಟುಕು ಕುಡಿದು, "ಉಳಿದದ್ದು ಖೋಲ್ಯಾಗ ಮಕ್ಕೊಂಡು ಕುಡೀತೀನ್ರಿ," ಎಂದು ಲೋಟ ಹಿಡಿದು ಬಂದುಬಿಟ್ಟರು.

ಉಳಿದದ್ದನ್ನು ಗಾದಿಗೆ ಕುಡಿಸಿದರು. ಬೇರೆ ಏನು ಮಾಡಬೇಕಿತ್ತು ಹೇಳಿ. ಶರಬತ್ತು ಬಿದ್ದಲ್ಲೆಲ್ಲ ಕೆಂಪಿನ ನಡುವೆ ಹಳದಿ ಚುಕ್ಕೆಗಳು ಎದ್ದವು. ಜಾತ್ರೆಯಲ್ಲಿ ಕುಂಕುಮ, ಭಂಡಾರ ಕೂಡಿ ಚೆಲ್ಲಿದ ಹಾಗೆ. ಪ್ರಯೋಗ ಸರಿಯಾಗಿದೆ ಎಂದು ಅವರೊಳಗಿನ ಮಾಸ್ತರನಿಗೆ ಒಂದು ಕ್ಷಣ ಹೆಮ್ಮೆಯಾಯಿತು, ಮಾನ ಹೋಗುವ ಹೊತ್ತಿನಲ್ಲೂ ಮನುಷ್ಯನಿಗೆ ಎಂಥೆಂಥದಕ್ಕೆ ಹೆಮ್ಮೆ! ಅಷ್ಟರಲ್ಲಿ ಕಿಟಕಿಯ ಸಂದಿಯಿಂದ ಒಂದು ಇರುವೆ ಬಂತು. ಅದು ಗಾದಿಯ ಅಂಚಿಗೆ ಬಂದು, ಮೀಸೆ ಆಡಿಸಿ, ತಿರುಗಿ ಹೋಯಿತು. ಸುದ್ದಿ ಹೇಳಲು ಹೋಗಿದೆ ಎಂಬುದರಲ್ಲಿ ಅವರಿಗೆ ಅನುಮಾನ ಉಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಸಾಲು ಹಿಡಿದು ಬಂದವು, ಹೆಣ್ಣಿನ ಕಡೆಯವರು ದಿಬ್ಬಣ ಬಂದ ಹಾಗೆ. ಮಾಸ್ತರರು ಒಂದೊಂದನ್ನೇ ಬೆರಳಿನಿಂದ ಚಿಮ್ಮುತ್ತಾ ಮೊಣಕಾಲೂರಿ ಕೂತಿದ್ದರು. ಮೊಣಕಾಲು ಅಂಥಾ ನೋವಿನಲ್ಲೂ ಒಳಗೊಳಗೇ ನಗುತ್ತಿತ್ತು ಎಂದು ಕಾಣುತ್ತದೆ, ಕಟಕ್ ಎಂದಿತು.

"ಅಪ್ಪಾ, ಗಂಜಿ ತಂದೀನಿ. ಬಾಗಲಾ ತಗಿ."

ತೆಗೆಯಲಿಲ್ಲ. "ಅಲ್ಲೇ ಇಡವ್ವಾ."

"ಅಪ್ಪಾ, ಏನಾಗೈತಿ? ದನಿ ಯಾಕ ಹಿಂಗೈತಿ?" ಶಾಂಭವಿಯ ದನಿಯಲ್ಲಿ ಅಳು ಬಂದಿತ್ತು. ಅವ್ವ ಹೀಗೇ ಬಾಗಿಲು ಹಾಕಿಕೊಂಡು ಎದೆನೋವು ಮುಚ್ಚಿಟ್ಟವಳು. ಆ ಬೆಳಗು ಮಗಳಿಗೂ ಗೊತ್ತು, ಅಪ್ಪನಿಗೂ ಗೊತ್ತು. ಮಾಸ್ತರರು ಎದ್ದು ಚಿಲಕ ತೆಗೆದರು. ಶಾಂಭವಿ ಒಳಗೆ ಬಂದಳು, ಅಪ್ಪನ ಕೆಂಪು ಕೈ ನೋಡಿದಳು, ಗಾದಿ ನೋಡಿದಳು, ಗಂಜಿಯ ಬಟ್ಟಲು ಬಿಟ್ಟಳು. "ಅತ್ತೀ! ಅಪ್ಪಗ ರಕ್ತ ವಾಂತಿ ಆಗೇತ್ರೀ!"

"ರಕ್ತ ಅಲ್ಲ! ರಕ್ತ ಅಲ್ಲವ್ವಾ! ಅರಷಿಣ! ಬರೇ ಅರಷಿಣ!" ಮಾಸ್ತರರು ಕೂಗಿದರು. ಪೇಪರಿನೊಂದಿಗೆ ದೇವೇಂದ್ರಪ್ಪ, ಜಾಲರಿ ಸೌಟಿನೊಂದಿಗೆ ಅನ್ನಮ್ಮ ಬಾಗಿಲಲ್ಲಿ ಬಂದು ನಿಂತರು. ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು, ಆಕೆಯನ್ನು ಕುರ್ಚಿಯ ಮೇಲೆ ಕೂಡಿಸಿ, ಮಾಸ್ತರರು ಒಂದೇ ಉಸಿರಿಗೆ ಹೇಳಿದರು: ಮೊಣಕಾಲು, ಪಟ್ಟಿ, ಸೋಡಾ, ಸೋಪು, ಕ್ಷಾರದಲ್ಲಿ ಅರಿಶಿಣ ಕೆಂಪಾಗುವುದು, ಆಮ್ಲದಲ್ಲಿ ಹಳದಿಯಾಗುವುದು, ಸಕ್ಕರೆ ಹಾಕಬಾರದಿತ್ತು, ಇರುವೆ. ಹೊಟ್ಟೆ ಉಬ್ಬರ ಸುಳ್ಳು. ಪಿತ್ತ ಸುಳ್ಳು. ಕುಂಟುತ್ತಿರುವುದು ಖರೆ. "ನಮ್ಮನ್ಯಾಗ ಕಲಿ ಕಾಣಸೂದಿಲ್ಲ ಅಂದಿದ್ದೆ. ನಿಮ್ಮನ್ಯಾಗ ಮಾಡಿಟ್ಟೆ. ಇನ್ನ ನೀವು ಏನರ ಹೇಳ್ರಿ," ಎಂದು ತಲೆ ತಗ್ಗಿಸಿ ನಿಂತರು. ತಪ್ಪು ಮಾಡಿದ ಹುಡುಗರು ಅವರ ಮುಂದೆ ಹೀಗೇ ನಿಲ್ಲುತ್ತಿದ್ದರು. ಕೈ ಎಲ್ಲಿಡಬೇಕೆಂದು ತಿಳಿಯದೆ ಅವರೆಲ್ಲ ಎಷ್ಟು ಕಷ್ಟಪಟ್ಟಿರಬೇಕು ಎಂದು ಈಗ ತಿಳಿಯಿತು.

ಅನ್ನಮ್ಮ ಬಾಗಿ ಕೆಂಪಿಗೊಂದು ಬೆರಳು ಹಚ್ಚಿ ಮೂಸಿದಳು. "ಇದಕ್ಕ ಓಕುಳಿ ಅಂತಾರ್ರಿ ಮಾಸ್ತರ. ಮದುವ್ಯಾಗ ಅರಷಿಣ ಸುಣ್ಣ ಕಲಿಸಿ ಬೀಗರು ಬೀಗರಿಗೆ ಎರಚತಾರ. ನೀವು ನಮ್ಮ ಹುಡುಗನ ಮದುವ್ಯಾಗ ಅದನ್ನೂ ಬ್ಯಾಡ ಅಂದಿದ್ದಿರಿ. ಈಗ ಒಬ್ಬರ ಬಾಗಲಾ ಹಾಕ್ಕೊಂಡು ಆಡಾಕತ್ತೀರಿ!" ಎಂದವಳೇ ಸೌಟು ಹಿಡಿದ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮೊದಲು ಭುಜ ನಕ್ಕಿತು, ಆಮೇಲೆ ಮೈಯೆಲ್ಲ ನಕ್ಕಿತು. ಶಾಂಭವಿ ಅಳುತ್ತಳುತ್ತಲೇ ನಕ್ಕಳು. ದೇವೇಂದ್ರಪ್ಪ ಪೇಪರನ್ನು ಮುಖಕ್ಕೆ ಹಿಡಿದ, ಪೇಪರು ಗಡಗಡ ನಡುಗಿತು. ಇಷ್ಟಕ್ಕೆ ಹೆದರಿ ಬೆಳಗಿನಿಂದ ಸತ್ತುಹೋಗಿದ್ದ ಮಾಸ್ತರರಿಗೆ, ನಗೆಪಾಟಲಾಗುವುದೆಂದರೆ ಇಷ್ಟೇನೇ ಎಂದು ಆಶ್ಚರ್ಯವಾಯಿತು. ಮೈಮೇಲೆ ಯಾರೋ ಬೆಚ್ಚನೆಯ ನೀರು ಹಾಕಿದ ಹಾಗಿತ್ತು.

"ಏನ್ ಮಾಡಬೇಕೀಗ?" ಎಂದಳು ಅನ್ನಮ್ಮ, ಕಣ್ಣೊರೆಸಿಕೊಂಡು.

"ಬಿಸಲಿಗೆ ಹಾಕಬೇಕ್ರಿ," ಎಂದರು ಮಾಸ್ತರರು. "ಅದು ಮುಂಜಾನೆನ ಗೊತ್ತಿತ್ತು."

"ಹೊರ್ರಿ ಮತ್ತ."

ಬೀಗರಿಬ್ಬರೂ ಗಾದಿ ಹೊತ್ತರು. ಶಾಂಭವಿಯ ಗಂಡ ಸಿದ್ದೇಶ ಯಾರದೋ ಮದುವೆಗೆಂದು ಹನುಮಸಾಗರಕ್ಕೆ ಹೋಗಿದ್ದ, ಬೇರೆ ಗಂಡಸರಿರಲಿಲ್ಲ. ಮುಂದೆ ದೇವೇಂದ್ರಪ್ಪ, ಹಿಂದೆ ಕುಂಟುವ ಮಾಸ್ತರರು, ಮೆಟ್ಟಿಲ ತಿರುವಿನಲ್ಲಿ ಗಾದಿ ಇಬ್ಬರನ್ನೂ ಗೋಡೆಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ಬಿಡಲೇ ಇಲ್ಲ. "ನಾ ಇಂಥಾ ಕೆಲಸ ಹುಟ್ಟಿದಾಗಿಂದ ಮಾಡಿಲ್ಲ ನೋಡ್ರಿ," ಎಂದು ಗಾದಿಯ ಆ ಕಡೆಯಿಂದ ದೇವೇಂದ್ರಪ್ಪ ಏದುಸಿರು ಬಿಟ್ಟ. ಹಿಂದಿನಿಂದ ಅನ್ನಮ್ಮ, "ಅದನ್ನ ನಾನೂ ಹೇಳಾಕತ್ತೀನಿ," ಎಂದಳು. ಮಾಳಿಗೆಯ ಮೇಲೆ ಬಿಸಿಲು ಆಗಲೇ ಕಾದಿತ್ತು. ಅನ್ನಮ್ಮ ಒದ್ದೆ ಬಟ್ಟೆಯಿಂದ ಸಕ್ಕರೆಯನ್ನೆಲ್ಲ ಒತ್ತಿ ತೆಗೆದಳು, ಮಾಸ್ತರರು ಉಳಿದ ಸೋಪು ತೆಗೆದರು, ಮಾಳಿಗೆಯ ಅಂಚಿನ ಕೈಗಂಬಿಯ ಮೇಲೆ ಗಾದಿ ಹರವಿದರು. ಕಲೆ ಓಣಿಗೆಲ್ಲ ಕಾಣುವಂತೆ ಹರವಿದವಳು ಅನ್ನಮ್ಮನೇ.

"ಕೇಳ್ರಿ ಬೀಗರ," ಎಂದಳು, ಈ ಸಲ ನಗದೆ. "ನಾ ಈ ಮನಿಗೆ ಸೊಸಿಯಾಗಿ ನಡಿಯಾಕ ಬಂದು ಕೂದಲಾ ನೆರತಾವ. ಈ ಮನ್ಯಾಗ ಗಂಡಸರು ಚಾ ಚೆಲ್ಲ್ಯಾರ, ಸಾರು ಚೆಲ್ಲ್ಯಾರ, ಎಲಿಅಡಿಕಿ ಉಗಳ್ಯಾರ. ಎದ್ದು ಹೋಗ್ಯಾರ. ಕಲಿ ಮಾಡಿ, ಅದನ್ನ ತಾನ ತಿಕ್ಕಾಕ ಮೊಣಕಾಲು ಊರಿ ಕುಂತ ಗಂಡಸನ್ನ ನಾ ಇವತ್ತ ನೋಡಿದ್ದು. ತಿಕ್ಕಾಕ ಬರೂದಿಲ್ಲ, ಆ ಮಾತು ಬ್ಯಾರೆ. ಕೂಸಿನ ಹಾಸಿಗಿ ದಿನಾ ತಿಕ್ಕಿದ್ರ ತಾನ ಬರತೈತಿ." ದೇವೇಂದ್ರಪ್ಪ ಮೋಡವಿಲ್ಲದ ಆಕಾಶದಲ್ಲಿ ಏನನ್ನೋ ಹುಡುಕತೊಡಗಿದ. "ಶಾಂಭವೀನ ಕರಕೊಂಡು ಹೋಗ್ರಿ. ಆದ್ರ ನಂದೊಂದು ಕರಾರು. ಕುಬಸದ ದಿನ ನಾ ಬೀಗರ ಹಾಡು ಹಾಡಾಕಿ. ಮೈಕು ಇರತೈತಿ. ವಾಯರು ಕಿತ್ತರ ಕೈ ಕಿತ್ತೀನಿ."

ಶಾಂಭವಿ ಮೆಟ್ಟಿಲ ಬಾಗಿಲಲ್ಲಿ ನಿಂತು ಎರಡೂ ಕೈಯಿಂದ ಸೆರಗಿನ ತುದಿ ಹಿಡಿದುಕೊಂಡಿದ್ದಳು. ಅಷ್ಟೊತ್ತಿಗೆ ಪಕ್ಕದ ಮಾಳಿಗೆಯಿಂದ ಇಮಾಮಬೀ ಮೆಣಸಿನಕಾಯಿ ಬಿಟ್ಟು ಎದ್ದು ಬಂದು, "ಏನ್ ಅನ್ನಕ್ಕಾ, ಮುಂಜಾಮುಂಜಾನೆ ಗಾದಿ? ಏನದು ಕೆಂಪಗ?" ಎಂದಳು.

"ನಮ್ಮ ಬೀಗರ ಕರಾಮತ್ತವಾ. ತಡಿ, ಕೇಳುವಂತಿ." ಅನ್ನಮ್ಮ ಸೆರಗು ಸಿಕ್ಕಿಸಿದಳು. ಮಾಸ್ತರರಿಗೆ ಆ ಸೆರಗು ಸಿಕ್ಕಿಸುವ ರೀತಿ ಗುರುತು ಹತ್ತಿತು. ಗಂಟಲು ಸರಿಮಾಡಿಕೊಂಡು, ಓಣಿಯ ಕಡೆ ಮುಖ ಮಾಡಿ, ಮದುವೆಯ ದಿನದಿಂದ ಒಳಗೇ ಉಳಿದಿದ್ದ ದನಿಯಲ್ಲಿ ಎತ್ತಿದಳು:

"ಕುಷ್ಟಗಿ ಬೀಗಾಗ ಕೋಟಿ ವಿದ್ಯಾ ಬರತಾವ
ಗಾದಿ ತೊಳಿಯೂದು ಬರಲಿಲ್ಲ, ನಮ ಬೀಗ
ಶರಬತ್ತು ಕುಡಿಸ್ಯಾನ ಹಾಸಿಗಿಗಿ!"

ಇಮಾಮಬೀ ಹೋ ಎಂದು ಚಪ್ಪಾಳೆ ತಟ್ಟಿದಳು. ಕೆಳಗೆ ಓಣಿಯಲ್ಲಿ ಯಾರೋ ಸೈಕಲ್ಲು ನಿಲ್ಲಿಸಿ ಮೇಲೆ ನೋಡಿದರು. ಅನ್ನಮ್ಮ ಹಾಡು ಮುಗಿಸಿ ಮಾಸ್ತರರ ಕಡೆ ತಿರುಗಿ ನಿಂತಳು, ಬೀಗರ ಹಾಡಿನ ಪದ್ಧತಿಯೇ ಅದು: ಒಂದು ಕಡೆಯವರು ಹಾಡಿ ನಿಲ್ಲುತ್ತಾರೆ, ಇನ್ನೊಂದು ಕಡೆಯವರು ಎತ್ತಬೇಕು. ಎಲ್ಲರೂ ಮಾಸ್ತರರ ಕಡೆ ನೋಡಿದರು. ಅವರು ಆವತ್ತು ವಾಯರು ಕಿತ್ತದ್ದು ಈ ಗಳಿಗೆಗೆ ಹೆದರಿ. ಅದು ಈಗ ತಪ್ಪದೆ ಬಂದಿತ್ತು, ಮಾಳಿಗೆಯ ಬಿಸಿಲಿನಲ್ಲಿ ಎದುರಿಗೆ ನಿಂತಿತ್ತು, ಕೀಳಲು ಯಾವ ವಾಯರೂ ಇರಲಿಲ್ಲ. ಬಿಸಿಲಿಗೆ ಹತ್ತಿ ಕಾಯುವ ವಾಸನೆ ಬಂತು. ಅಂಗಳ, ಬಿಲ್ಲಿನ ಟುಂಯ್ ಟುಂಯ್, ಮೂಗಿನ ಮೇಲೆ ಹತ್ತಿಯ ಎಳೆ. ಸಾಕು ಎಂದು ಬಾಯಿ ಮುಚ್ಚಿಸಿದ ಮೇಲೂ ಕಳಕಮ್ಮ ಪದ ಪೂರಾ ಮಾಡಿದ್ದಳು, ಅವರು ಪೇಪರು ಓದುತ್ತಿರುವಂತೆ ನಟಿಸುತ್ತಾ ಪೂರಾ ಕೇಳಿದ್ದರು. ಮಾಸ್ತರರು ಗಾದಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹಾಡು ಅವರಿಗೆ ಬರುತ್ತಿರಲಿಲ್ಲ. ಹಾಜರಿ ಕೂಗುವ ದನಿಯೊಂದೇ ಇತ್ತು, ಅದರಲ್ಲೇ ಎತ್ತಿದರು:

"ಗಂಗಾವತಿ ಬೀಗ್ತಿ ಅಕ್ಕಿಯಂಗ ಬೆಳ್ಳಗ
ಒಳಗ ನೋಡಿದರ ಬರೆ ಹರಳ, ನಮ ಬೀಗ್ತಿ
ಆರಿಸಾಕ ಬೇಕ ನೂರ ಮೊರ!"

ಶಾಂಭವಿ ಬಾಯಿಗೆ ಸೆರಗು ಒತ್ತಿಕೊಂಡಳು. ಇಮಾಮಬೀ ನಗಲೋ ಬೇಡವೋ ಎಂದು ಅನ್ನಮ್ಮನ ಮುಖ ನೋಡಿದಳು. ಅನ್ನಮ್ಮ ನಗಲಿಲ್ಲ. ಮಾಸ್ತರರ ಹತ್ತಿರ ಬಂದು, ದನಿ ಇಳಿಸಿ, "ಇದು ನೀವು ಕಟ್ಟಿದ್ದಲ್ಲ. ಯಾರು ಕಟ್ಟಿದ್ದು?" ಎಂದಳು.

"ಶಾಂಭವಿ ಅವ್ವ. ಈ ಗಾದಿ ಮಾಡಸೂ ಮುಂದ. ನಿಮಗಂತ."

ಅನ್ನಮ್ಮ ಗಾದಿಯ ಕಡೆ ತಿರುಗಿದಳು. ಅದರ ಹೊಲಿಗೆಯ ಮೇಲೆ, ಕಲೆಯ ಮೇಲೆ, ಬಿಳಿಯ ಮೇಲೆ ಅಂಗೈ ಆಡಿಸಿದಳು. ಆಮೇಲೆ ಸೆರಗನ್ನು ಇನ್ನೊಮ್ಮೆ ಬಿಗಿಯಾಗಿ ಸಿಕ್ಕಿಸಿ ನೆಟ್ಟಗೆ ನಿಂತಳು.

"ಇನ್ನೊಮ್ಮಿ ಹೇಳ್ರಿ," ಎಂದಳು. "ನಿಧಾನ ಹೇಳ್ರಿ. ನಾ ಅಕಿಗೆ ಉತ್ತರ ಕೊಡಬೇಕು."